ಹತ್ತು ಪುಟಗಳಿಗೆ ಸಂದ ತಪ್ಪು ಹೊಗಳಿಕೆ

ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ 1977ರಲ್ಲಿ ‘ಪ್ರಮಾಣ’ ಪತ್ರಿಕೆಗೆ ಬರೆದ ಹತ್ತು ಪುಟಗಳ ಪ್ರಬಂಧವನ್ನು ನಮ್ಮವರು ಹೊಗಳುವುದೆಲ್ಲ ‘ಜಗತ್ತಿನಲ್ಲೇ ಮೊದಲು’ ಎಂಬ ಒಂದೇ ಮಾತಿನಲ್ಲಿ. ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ, ಅಂದರೆ ದ್ರವದಂತೆ ಹರಿಯುತ್ತಲೇ ಸ್ಫಟಿಕದ ಕ್ರಮವನ್ನೂ ಒಂದಿಷ್ಟು ಉಳಿಸಿಕೊಳ್ಳುತ್ತವೆ ಎಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮೊದಲು ತೋರಿಸಿದ್ದು ಹೌದು. ಅಷ್ಟೇ ಅದರ ಹಿರಿಮೆಯಾಗಿದ್ದರೆ ಇಂದು ಅದನ್ನು ಓದಬೇಕಾಗಿರಲಿಲ್ಲ.

ಬೆಂಜೀನ್ ಉಂಗುರಕ್ಕೆ ಆರು ಉದ್ದನೆಯ ಬಾಲಗಳಿರುವ ಅಣುಗಳು ಒಂದರ ಮೇಲೊಂದು ಕೂತು ಕಂಬವಾಗುತ್ತವೆ. ಕಂಬಗಳು ಷಟ್ಕೋನ ಜಾಲದಲ್ಲಿ ನಿಲ್ಲುತ್ತವೆ. ಲೇಖಕರು ಈ ಚೆಂದಕ್ಕೆ ಮರುಳಾಗಿ ಅಲ್ಲಿಗೇ ನಿಲ್ಲಲಿಲ್ಲ. ಕಂಬದೊಳಗೆ ಅಣುವಿಗೂ ಅಣುವಿಗೂ ನಡುವಿನ ಅಂತರ ಸಮವಾಗಿಲ್ಲ ಎಂದರು. ಎರಡು ದಿಕ್ಕಿನಲ್ಲಿ ಸ್ಫಟಿಕದ ಕ್ರಮ, ಮೂರನೆಯದರಲ್ಲಿ ದ್ರವದ ಅಸ್ತವ್ಯಸ್ತತೆ. ಈ ತೀರ್ಮಾನಕ್ಕೆ ಆಧಾರ ಎಕ್ಸ್-ಕಿರಣ. ಅದು ತಾನು ಹಾದ ಮಾದರಿಯ ಒಪ್ಪವನ್ನೂ ಓರೆಯನ್ನೂ ಒಟ್ಟಿಗೇ ಲೆಕ್ಕಕ್ಕೆ ಹಿಡಿಯುತ್ತದೆ; ಚೆಂದ ಕಂಡ ಮೂಲೆಯನ್ನಷ್ಟೇ ಆರಿಸಿಕೊಳ್ಳಲು ಬಿಡುವುದಿಲ್ಲ. ಆ ಅಸಮ ಅಂತರವೇ ಮುಂದೆ ನಿರ್ಣಾಯಕವಾಯಿತು. ಟ್ರೈಫೆನಿಲೀನ್ ಅಣುಗಳ ಕಂಬಗಳಲ್ಲಿ, ಒಳಗಿನ ಜೋಡಣೆ ಬಿಗಿಯಾದಷ್ಟೂ ವಿದ್ಯುದಾವೇಶ ವೇಗವಾಗಿ ಹರಿಯುತ್ತದೆಂದು 1994ರಲ್ಲಿ ಜರ್ಮನಿಯಲ್ಲಿ ಅಳೆದರು.

ಅರೆವಾಹಕ ನ್ಯಾನೊಕಡ್ಡಿಗಳ ಸ್ವಯಂಜೋಡಣೆಗೆ ಸಿಕ್ಕಿರುವ ಕೀರ್ತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕ್ಯಾಡ್ಮಿಯಂ ಸೆಲೆನೈಡ್ ಕಡ್ಡಿಗಳು ದ್ರಾವಣದಲ್ಲಿ ದ್ರವಸ್ಫಟಿಕದಂತೆ ಸಾಲುಗಟ್ಟುವುದನ್ನು ಬರ್ಕ್ಲಿಯ ಅಲಿವಿಸಾಟೋಸ್ ತಂಡ 2002ರಲ್ಲಿ ತೋರಿಸಿತು. ದ್ರಾವಣ ನಿಧಾನವಾಗಿ ಆರಿದರೆ ಕಡ್ಡಿಗಳಿಗೆ ನೆಟ್ಟಗೆ ನಿಲ್ಲಲು ಬಿಡುವು ಸಿಗುತ್ತದೆ, ಬೇಗ ಆರಿದರೆ ಅಡ್ಡಾದಿಡ್ಡಿ ಬೀಳುತ್ತವೆ. ಆಮೇಲೆ ಬಂದ ಎಷ್ಟೋ ಪ್ರಬಂಧಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಕೆಲವೇ ಮೈಕ್ರಾನ್ ಜಾಗವನ್ನು ಮುಂದಿಟ್ಟು ‘ನಿಯಂತ್ರಣ ಸಾಧಿಸಿದೆವು’ ಎನ್ನುತ್ತವೆ. ಪಕ್ಕದ ಜಾಗ ಹೇಗಿತ್ತು? 2010ರಲ್ಲಿ ಬರ್ಕ್ಲಿಯವರೇ ಎಕ್ಸ್-ಕಿರಣ ಹಿಡಿದು ದೊಡ್ಡ ಪದರವನ್ನು ಅಳೆದದ್ದು ಮೆಚ್ಚತಕ್ಕದ್ದೇ. ಆ ಶಿಸ್ತು ಬೆಂಗಳೂರಿನಲ್ಲಿ 33 ವರ್ಷ ಮೊದಲೇ ಇತ್ತು.

‘ಅಣು ಬೇರೆ, ಕಡ್ಡಿ ಬೇರೆ, ಹೋಲಿಕೆ ಸಲ್ಲದು’ ಎಂಬ ತಕರಾರು ನನಗೆ ಒಪ್ಪಿಗೆಯಿಲ್ಲ. ಉದ್ದನೆಯ ಕಣಗಳು ಸಾಂದ್ರತೆ ಏರಿದಾಗ ಬರೀ ಆಕಾರದ ಬಲದಿಂದಲೇ ಸಾಲುಗೂಡುತ್ತವೆ ಎಂದು ರಸಾಯನ ವಿಜ್ಞಾನಿ ಓನ್ಸಾಗರ್ 1949ರಲ್ಲೇ ಸಾಧಿಸಿ ತೋರಿಸಿದ್ದರು. ಅಲ್ಲಿಂದೀಚೆಗೆ ಇವೆರಡೂ ಒಂದೇ ವಿದ್ಯೆಯ ಕವಲುಗಳು. ‘ಮೊದಲು ನಾವೇ’ ಎಂದು ಎದೆ ತಟ್ಟಿಕೊಳ್ಳುವವರದ್ದು ಇದಕ್ಕಿಂತ ದೊಡ್ಡ ತಪ್ಪು. ಪ್ರಬಂಧವನ್ನು ಗೋಡೆಗೆ ನೇತುಹಾಕಿ ಓದುವುದನ್ನೇ ಬಿಟ್ಟವರು ಅವರು.

ನಮ್ಮ ಎಂ.ಎಸ್‌ಸಿ. ತರಗತಿಗಳಲ್ಲಿ ನ್ಯಾನೊಕಡ್ಡಿಯ ಚಿತ್ರಗಳಿಗಿಂತ ಮೊದಲು ‘ಪ್ರಮಾಣ’ದ 9ನೇ ಸಂಪುಟ, 471ರಿಂದ 480ನೇ ಪುಟಗಳನ್ನು ಓದಿಸಿ.