ಅಗಲ ಟೈರಿನ ಸೊಗಸು

ಟೈರು ಸಪೂರವಾದಷ್ಟೂ, ಗಾಳಿ ಬಿಗಿಯಾದಷ್ಟೂ ಸೈಕಲ್ ಜೋರಾಗಿ ಓಡುತ್ತದೆ ಎಂಬ ನಂಬಿಕೆ ಬಹುಕಾಲ ಗಟ್ಟಿಯಾಗಿ ಕೂತಿತ್ತು. ರೇಸ್ ಸೈಕಲ್‌ಗಳಿಗೆ 23 ಮಿ.ಮೀ. ಟೈರೇ ರೂಢಿಯಾಗಿತ್ತು. ಈಗ ಅದೇ ರೇಸುಗಳಲ್ಲಿ 28, 30 ಮಿ.ಮೀ. ಮಾಮೂಲು.

ಗುಟ್ಟು ಇರುವುದು ಟೈರು ನೆಲಕ್ಕೆ ಊರುವ ಜಾಗದಲ್ಲಿ. ಭಾರವೂ ಗಾಳಿಯ ಒತ್ತಡವೂ ಒಂದೇ ಆಗಿದ್ದರೆ ಆ ಜಾಗದ ವಿಸ್ತೀರ್ಣ ಹೆಚ್ಚುಕಡಿಮೆ ಒಂದೇ. ಆಕಾರ ಮಾತ್ರ ಬೇರೆ. ಸಪೂರ ಟೈರಿನದು ಉದ್ದಕ್ಕೆ, ಅಗಲದ್ದು ಗಿಡ್ಡಕ್ಕೆ. ಉದ್ದವಾದಷ್ಟೂ ಟೈರು ಹೆಚ್ಚು ಬಾಗಬೇಕು. ಆ ಬಾಗುವಿಕೆಯಲ್ಲಿ ಕಾಲಿನ ಶಕ್ತಿ ಶಾಖವಾಗಿ ಸೋರುತ್ತದೆ. ಒರಟು ರಸ್ತೆಯಲ್ಲಂತೂ ಬಿಗಿ ಟೈರು ಕಲ್ಲುಕಲ್ಲಿಗೂ ಪುಟಿದು ಸವಾರನ ಮೈ ಕುಲುಕಿಸುತ್ತದೆ. ಆ ಕುಲುಕಾಟಕ್ಕೆ ಹೋದ ಶಕ್ತಿಯೂ ನಷ್ಟವೇ. ಅಗಲ ಟೈರಿಗೆ ಕಡಿಮೆ ಗಾಳಿ ಸಾಕು. ಕಲ್ಲು ಸಿಕ್ಕಿದರೆ ತಾನೇ ತಗ್ಗಿ ದಾಟುತ್ತದೆ. ಸುಖವೂ ವೇಗವೂ ಹೀಗೆ ಒಟ್ಟಿಗೆ ಸಿಗುವುದು ನನಗೆ ಬಲು ಮೆಚ್ಚುಗೆ.

ಫ್ರಾನ್ಸಿನ ಪ್ಯಾರಿಸ್–ರೂಬೇ ರೇಸಿನಲ್ಲಿ ಸುಮಾರು 55 ಕಿ.ಮೀ. ಕಲ್ಲುಹಾಸಿನ ದಾರಿಯಿದೆ. 2024ರಲ್ಲಿ ಅಲ್ಲಿ ಗೆದ್ದ ಮ್ಯಾಥ್ಯೂ ವ್ಯಾನ್ ಡರ್ ಪೂಲ್ ಅವರ ಸರಾಸರಿ ವೇಗ ಗಂಟೆಗೆ 47.8 ಕಿ.ಮೀ. ಅವರದೂ ಅಗಲ ಟೈರೇ.

ನಮ್ಮೂರ ಹಾಲಿನ ಕ್ಯಾನು ಹೊತ್ತ ಕರಿ ಸೈಕಲ್ಲಿನ 28 × 1½ ಟೈರು ಸುಮಾರು 40 ಮಿ.ಮೀ. ಅಗಲ. ರಬ್ಬರು ದಪ್ಪ, ಹಾಗಾಗಿ ಓಟ ನಿಧಾನ. ಆದರೆ ಗುಂಡಿಯ ರಸ್ತೆಗೆ ಹೇಳಿ ಮಾಡಿಸಿದ್ದು.

ಮುಂದಿನ ಸಲ ಟೈರು ಬದಲಿಸುವಾಗ ಫೋರ್ಕಿನಲ್ಲಿ ಎಷ್ಟು ಜಾಗವಿದೆ ನೋಡಿ. ಹಿಡಿಸುವಷ್ಟು ಅಗಲದ, ಮೆತ್ತಗೆ ಬಾಗುವ ಟೈರು ಹಾಕಿಸಿ. ಗಾಳಿ ತುಸು ಕಡಿಮೆಯೇ ಇರಲಿ.