ಹಾಡಲು ಕರೆಯುತ್ತೇವೆ, ಕೇಳಲು ಕರೆಯುವುದಿಲ್ಲ

ಅಂಧರ ಕುರಿತು ನಮ್ಮ ಸಾಂಸ್ಕೃತಿಕ ವಲಯದಲ್ಲಿ ಎರಡೇ ಎರಡು ಚಿತ್ರಗಳು ಚಾಲ್ತಿಯಲ್ಲಿವೆ. ಒಂದು, ಹಾರ್ಮೋನಿಯಂ ಮುಂದಿಟ್ಟುಕೊಂಡು ವೇದಿಕೆಯ ಮೇಲೆ ಹಾಡುವ ಗಾಯಕನದು. ಇನ್ನೊಂದು, ಅದೇ ವೇದಿಕೆಯ ಮೇಲೆ ಗಣ್ಯರ ಕೈಯಿಂದ ಬಿಳಿ ಕೋಲನ್ನೋ ಕಂಬಳಿಯನ್ನೋ ಸ್ವೀಕರಿಸುವ ಫಲಾನುಭವಿಯದು. ಜನವರಿ 4ರಂದು ಲೂಯಿ ಬ್ರೈಲ್ ಜನ್ಮದಿನ ಬರುತ್ತದೆ, ಅಕ್ಟೋಬರ್ 15ರಂದು ಬಿಳಿ ಕೋಲಿನ ದಿನ ಬರುತ್ತದೆ. ಮರುದಿನದ ಪತ್ರಿಕೆಯಲ್ಲಿ ಈ ಎರಡು ಚಿತ್ರಗಳಲ್ಲಿ ಯಾವುದಾದರೊಂದು ಅಚ್ಚಾಗುತ್ತದೆ. ಎರಡರಲ್ಲೂ ಅಂಧರು ವೇದಿಕೆಯ ಮೇಲೆಯೇ ಇದ್ದಾರೆ. ಕೆಳಗಡೆ ಕುರ್ಚಿಯಲ್ಲಿ, ಟಿಕೆಟು ಕೊಂಡು, ಯಾರಿಗೂ ಏನನ್ನೂ ಸಾಬೀತುಪಡಿಸುವ ಗೊಡವೆಯಿಲ್ಲದೆ ಆರಾಮವಾಗಿ ಕುಳಿತು ಕಾರ್ಯಕ್ರಮ ಸವಿಯುವ ಅಂಧರ ಚಿತ್ರ ನಮ್ಮ ಕಲ್ಪನೆಗೇ ಬರುವುದಿಲ್ಲ.

ಇದನ್ನು ಎತ್ತಿದ ಕೂಡಲೇ ಬರುವ ಉತ್ತರ ನಮಗೆ ಗೊತ್ತಿದೆ. ಮೊದಲು ಶಿಕ್ಷಣ, ಉದ್ಯೋಗ, ಪಿಂಚಣಿ ಸರಿಹೋಗಲಿ, ಮನರಂಜನೆಯ ಮಾತು ಆಮೇಲೆ ನೋಡೋಣ ಎನ್ನುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕಣ್ಣಿರುವ ಬಡವನಿಗೆ ನಾವು ಈ ಷರತ್ತು ಹಾಕುತ್ತೇವೆಯೇ? ದಿನಗೂಲಿಯವನು ನೌಕರಿ ಖಾಯಂ ಆದ ಮೇಲೆಯೇ ಸಿನಿಮಾಕ್ಕೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 50 ಲಕ್ಷ, ಕರ್ನಾಟಕವೊಂದರಲ್ಲೇ 2.64 ಲಕ್ಷದಷ್ಟು ಜನ ದೃಷ್ಟಿಯ ತೊಂದರೆ ಇರುವವರಿದ್ದಾರೆ. ಇವರೆಲ್ಲರಿಗೂ ಸಂಜೆ ಎಂಬುದೊಂದು ಇದೆ, ಭಾನುವಾರ ಎಂಬುದೊಂದು ಇದೆ. ಆ ಹೊತ್ತನ್ನು ಅವರು ಹೇಗೆ ಕಳೆಯುತ್ತಾರೆ ಎಂದು ವಿಚಾರಿಸಿದವರು ಎಷ್ಟು ಮಂದಿ?

ಈಜಿಪ್ಟಿನ ಲೇಖಕ ತಾಹಾ ಹುಸೇನ್ (1889-1973) ತಮ್ಮ ಆತ್ಮಕಥನ 'ಅಲ್ ಅಯ್ಯಾಮ್'ನ ಆರಂಭದಲ್ಲೇ ಒಂದು ನೆನಪನ್ನು ದಾಖಲಿಸಿದ್ದಾರೆ. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಆ ಹುಡುಗ ಸಂಜೆಯಾದರೆ ಮನೆಯ ಹೊರಗಿನ ಬೇಲಿಗೆ ಆತು ನಿಲ್ಲುತ್ತಿದ್ದ. ಸ್ವಲ್ಪ ದೂರದಲ್ಲಿ ಹಳ್ಳಿಯ ಹಾಡುಗಾರನೊಬ್ಬ ಅಬೂ ಝೈದನ ಸಾಹಸದ ಕಥೆ ಹಾಡುತ್ತಿದ್ದ, ಜನ ಸುತ್ತ ಸೇರುತ್ತಿದ್ದರು. ಹುಡುಗ ಅದರಲ್ಲಿ ಮುಳುಗಿರುವಾಗಲೇ ಅಕ್ಕ ಬಂದು ಒಳಗೆ ಕರೆಯುತ್ತಿದ್ದಳು, ಒಲ್ಲೆನೆಂದರೆ ಎತ್ತಿಕೊಂಡೇ ಹೋಗುತ್ತಿದ್ದಳು. ಒಳಗೆ ತಾಯಿ ಅವನ ಕಣ್ಣಿಗೆ ಉರಿಯುವ ಔಷಧಿ ಬಿಡುತ್ತಿದ್ದಳು. ಆ ಔಷಧಿಯಿಂದ ಪ್ರಯೋಜನವೇನೂ ಆಗಲಿಲ್ಲ. ಮುಂದೆ ಈ ಹುಡುಗ ಅರಬಿ ಸಾಹಿತ್ಯದ ದಿಗ್ಗಜನಾದ, 1950ರಲ್ಲಿ ತನ್ನ ದೇಶದ ಶಿಕ್ಷಣ ಸಚಿವನೂ ಆದ. ಆ ಮನೆಯವರಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ ಎಂಬುದನ್ನು ಮರೆಯಬಾರದು. ಹುಡುಗನ ಕಣ್ಣು ಅವರಿಗೆ ದೊಡ್ಡ ಚಿಂತೆಯಾಗಿತ್ತು. ಹುಡುಗನಿಗೆ ಕಥೆ ದೊಡ್ಡದಾಗಿತ್ತು. ನಮ್ಮ ಸಂಘ ಸಂಸ್ಥೆಗಳು ಇಂದಿಗೂ ಆ ಅಕ್ಕನ ಕೆಲಸವನ್ನೇ ಮಾಡುತ್ತಿವೆ. ನೇತ್ರ ತಪಾಸಣಾ ಶಿಬಿರಕ್ಕೆ ಎತ್ತಿಕೊಂಡು ಹೋಗುತ್ತವೆ, ಕಥೆಯ ಬಳಿಗೆ ಬಿಡುವುದಿಲ್ಲ.

ಮುಸ್ಲಿಮ್ ಓದುಗರಿಗೆ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್‌ರ ಪ್ರಸಂಗ ಚಿರಪರಿಚಿತ. ಪವಿತ್ರ ಕುರ್‌ಆನಿನ 80ನೆಯ ಅಧ್ಯಾಯವಾದ 'ಅಬಸ'ದ ಹಿನ್ನೆಲೆಯಲ್ಲಿ ಪ್ರವಚನಕಾರರು ಅದನ್ನು ಪದೇ ಪದೇ ಉಲ್ಲೇಖಿಸುತ್ತಾರೆ, ಅಂಧರ ಬಗ್ಗೆ ಕರುಣೆ ಇರಬೇಕೆಂದು ಹೇಳಿ ಮುಗಿಸುತ್ತಾರೆ. ಆದರೆ ಅವರು ಅಂದು ಬಂದದ್ದು ಏನನ್ನೋ ಬೇಡಲಿಕ್ಕಲ್ಲ, ಕೇಳಿ ತಿಳಿಯಲಿಕ್ಕೆ. ಕೇಳುಗನ ಹಕ್ಕಿನ ಈ ಮಗ್ಗುಲು ನಮ್ಮ ಪ್ರವಚನಗಳಲ್ಲಿ ಬಹುತೇಕ ಬಿಟ್ಟುಹೋಗುತ್ತದೆ.

ಕರ್ನಾಟಕದ ಮಟ್ಟಿಗೆ ಅಂಧರ ಸಾಂಸ್ಕೃತಿಕ ಬದುಕು ಎಂದರೆ ಮೊದಲು ನೆನಪಾಗುವುದು ಗದಗಿನ ವೀರೇಶ್ವರ ಪುಣ್ಯಾಶ್ರಮ, ನೆನಪಾಗಲೇಬೇಕು. ಹುಟ್ಟು ಅಂಧರಾದ ಪಂಚಾಕ್ಷರ ಗವಾಯಿಗಳು (1892-1944) ಕಟ್ಟಿದ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಬೆಳೆಸಿದ ಆ ಆಶ್ರಮ ಅನ್ನ, ವಸತಿ, ವಿದ್ಯೆ ಮೂರನ್ನೂ ಕೊಟ್ಟು ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿತು. ಪುಟ್ಟರಾಜರು ನಾಟಕಗಳನ್ನು ಬರೆದರು, ನಾಟಕ ಕಂಪನಿ ನಡೆಸಿದರು, 2010ರಲ್ಲಿ ಪದ್ಮಭೂಷಣ ಪಡೆದರು. 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರಕ್ಕಾಗಿ ಹಂಸಲೇಖ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಭಿಕ್ಷೆಯೊಂದೇ ದಾರಿಯಾಗಿದ್ದ ಕಾಲದಲ್ಲಿ ಗದಗ ಮಾಡಿದ ಕೆಲಸಕ್ಕೆ ಸಾಟಿ ಇಲ್ಲ.

ನಮ್ಮ ತಕರಾರು ಗದಗಿನ ಮೇಲಲ್ಲ, ಗದಗಿನಿಂದ ಉಳಿದವರೆಲ್ಲ ಕಲಿತ ಸುಲಭದ ಪಾಠದ ಮೇಲೆ. ಅಂಧರೆಂದರೆ ಸಂಗೀತ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಶಾಲೆಯಲ್ಲಿ ಅಂಧ ಬಾಲಕನಿದ್ದರೆ ಪ್ರಾರ್ಥನೆ ಹಾಡುವುದು ಅವನ ಪಾಲಿನ ಕರ್ತವ್ಯ. ದನಿ ಚೆನ್ನಾಗಿಲ್ಲದ, ಶ್ರುತಿ ಹಿಡಿಯದ, ಹಾಡುವುದೆಂದರೆ ಬೇಸರವೆನ್ನುವ ಅಂಧ ಹುಡುಗ ಏನು ಮಾಡಬೇಕು? ಕಣ್ಣಿರುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಬೇಸುರಾಗಿಯೇ ಸುಖವಾಗಿ ಬದುಕುತ್ತಿದ್ದಾರೆ. ಅಂಧರಿಗೆ ಮಾತ್ರ ಪ್ರತಿಭೆ ಕಡ್ಡಾಯ. ಹಾಡುವವರಿಗೂ ಇದೊಂದು ದುಡಿಮೆಯೇ ಹೊರತು ವಿರಾಮವಲ್ಲ. ಬಸ್ ನಿಲ್ದಾಣದ ಬಳಿ ಧ್ವನಿವರ್ಧಕ ಕಟ್ಟಿಕೊಂಡು ಹಳೆಯ ಚಿತ್ರಗೀತೆ ಹಾಡುವ ಅಂಧರ ತಂಡಕ್ಕೆ ಚಿಲ್ಲರೆ ಹಾಕಿ ಮುಂದೆ ಹೋಗುವಾಗ ನಾವು ಕಲೆಗೆ ಬೆಲೆ ಕೊಟ್ಟೆವೆಂದು ಭಾವಿಸುತ್ತೇವೆ. ಆ ಗಾಯಕ ಕೊನೆಯ ಬಾರಿ ಬೇರೆಯವರ ಹಾಡು ಕೇಳಲು ಹೋದದ್ದು ಯಾವಾಗ ಎಂಬ ಪ್ರಶ್ನೆ ನಮಗೆ ಹೊಳೆಯುವುದಿಲ್ಲ.

ದೋಷ ಭಾಷೆಯಲ್ಲೂ ಇರಬಹುದು. 'ಪ್ರೇಕ್ಷಕ' ಎಂದರೆ ನೋಡುವವನು ಎಂದೇ ಅರ್ಥ. ನಾಟಕ ನೋಡುತ್ತೇವೆ, ಜಾತ್ರೆ ನೋಡುತ್ತೇವೆ. (ಸರಕಾರ ಬಳಸುವ 'ವಿಕಲಚೇತನ' ಎಂಬ ಪದವಂತೂ ವಿಚಿತ್ರ. ಕೆಟ್ಟಿರುವುದು ಕಣ್ಣು, ಚೇತನ ಹೇಗೆ ವಿಕಲವಾಯಿತೋ ಆ ಪದ ಕಟ್ಟಿದವರೇ ಹೇಳಬೇಕು.) ಆದರೆ ನಮ್ಮ ಕರಾವಳಿಯ ಭಾಷೆಯಲ್ಲಿ ಇನ್ನೊಂದು ದಾರಿಯೂ ಇದೆ. ಇಲ್ಲಿ ಯಕ್ಷಗಾನದ ಬಯಲಾಟಕ್ಕೆ 'ಆಟ' ಎನ್ನುತ್ತಾರೆ, ತಾಳಮದ್ದಳೆಗೆ 'ಕೂಟ' ಎನ್ನುತ್ತಾರೆ. ಆಟವನ್ನು ನೋಡಬೇಕು, ಕೂಟವನ್ನು ಕೇಳಬೇಕು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಚೆಂಡೆ ಮದ್ದಳೆ, ಕುಳಿತಲ್ಲೇ ಕರ್ಣನೂ ಕೃಷ್ಣನೂ ಆಗುವ ಅರ್ಥಧಾರಿಗಳ ವಾದ ಪ್ರತಿವಾದ, ಇಷ್ಟೇ. ಕಣ್ಣಿಗೆ ಏನೇನೂ ಕೆಲಸವಿಲ್ಲದ ಇಂಥದೊಂದು ರಂಗಪ್ರಕಾರ ಯಾವ ತಿದ್ದುಪಡಿಯೂ ಇಲ್ಲದೆ ಅಂಧ ರಸಿಕರಿಗೆ ಇಡಿಯಾಗಿ ದಕ್ಕುತ್ತದೆ. ಗಮಕ, ಹರಿಕಥೆ, ಬಾನುಲಿ ನಾಟಕ, ಕವ್ವಾಲಿ, ಮುಶಾಯಿರ ಎಲ್ಲವೂ ಕಿವಿಯ ಕಲೆಗಳೇ. ಅಂಧರಿಗಾಗಿ 'ವಿಶೇಷ' ಕಾರ್ಯಕ್ರಮ ಹುಡುಕುವವರು ಮೊದಲು ಊರಿನಲ್ಲೇ ನಡೆಯುವ ಈ ಕೂಟಗಳತ್ತ ನೋಡಬಹುದಿತ್ತು. ಅಲ್ಲಿಗೆ ಬೇಕಾದದ್ದು ಕರೆದೊಯ್ಯುವ ಒಬ್ಬ ಜೊತೆಗಾರ ಮಾತ್ರ.

ಆಟದ ಕಥೆ ಬೇರೆ. ಬಣ್ಣದ ವೇಷ ಅಬ್ಬರಿಸುತ್ತಾ ಬಂದಾಗ ಸಭೆ ಯಾಕೆ ಒಮ್ಮೆಲೇ ಗದ್ದಲವೆಬ್ಬಿಸಿತು, ಹಾಸ್ಯಗಾರ ಮಾತಿಲ್ಲದೆ ಏನು ಮಾಡಿದಾಗ ಜನ ನಕ್ಕರು ಎಂಬುದು ಕೇಳುಗನಿಗೆ ತಿಳಿಯದು. ಪಕ್ಕದಲ್ಲಿ ಕುಳಿತ ತಮ್ಮನೋ ಗೆಳೆಯನೋ ಕಿವಿಯಲ್ಲಿ ಪಿಸುಗುಟ್ಟಬೇಕು. ಸಿನಿಮಾದಲ್ಲಿ ಈಗ ಆಡಿಯೋ ವಿವರಣೆ ಎನ್ನುವುದು ಈ ಪಿಸುಮಾತಿನದೇ ವ್ಯವಸ್ಥಿತ ರೂಪ. ಸಂಭಾಷಣೆಗಳ ನಡುವಿನ ಬಿಡುವಿನಲ್ಲಿ, ಪರದೆಯ ಮೇಲೆ ಏನಾಗುತ್ತಿದೆ ಎಂಬುದನ್ನು ಚುಟುಕಾಗಿ ಹೇಳುವ ದನಿ ಅದು. ಮೊಬೈಲಿನ ಆ್ಯಪ್ ಚಿತ್ರಮಂದಿರದ ಸದ್ದನ್ನು ಗುರುತಿಸಿ, ಅದಕ್ಕೆ ಹೊಂದಿಸಿ ಈ ವಿವರಣೆಯನ್ನು ಇಯರ್‌ಫೋನಿನಲ್ಲಿ ಕೇಳಿಸುತ್ತದೆ. ಪಕ್ಕದವರಿಗೆ ತೊಂದರೆಯೂ ಇಲ್ಲ.

ಕಾನೂನು ಇದರ ಪರವಾಗಿಯೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೆಯ ಸೆಕ್ಷನ್ ಸಂಸ್ಕೃತಿ ಮತ್ತು ಮನರಂಜನೆಯನ್ನು ಹಕ್ಕೆಂದೇ ಹೇಳುತ್ತದೆ, 30ನೆಯದು ಕ್ರೀಡೆಯನ್ನು. 2023ರ ಜನವರಿಯಲ್ಲಿ 'ಪಠಾಣ್' ಚಿತ್ರದ ಪ್ರಕರಣದಲ್ಲಿ ದೆಹಲಿ ಹೈಕೋರ್ಟು, ಒಟಿಟಿ ಬಿಡುಗಡೆಗೆ ಮುನ್ನ ಆಡಿಯೋ ವಿವರಣೆ ಸಿದ್ಧಪಡಿಸುವಂತೆ ನಿರ್ಮಾಪಕರಿಗೆ ಸೂಚಿಸಿತು. 2024ರ ಮಾರ್ಚಿನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಮಾರ್ಗಸೂಚಿಯನ್ನೇ ಹೊರಡಿಸಿತು. ಆದರೆ ಅದರ ಒಂದು ಅಂಶವನ್ನು ಕನ್ನಡಿಗರು ಗಮನಿಸಬೇಕು. ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಗಳಿಗೆ ನಿಯಮ ಮೊದಲು, ಉಳಿದವುಗಳಿಗೆ ನಂತರ. ಅಂದರೆ ಐದು ಭಾಷೆಗಳಲ್ಲಿ ಅಬ್ಬರಿಸುವ ದೊಡ್ಡ ಬಜೆಟ್ಟಿನ ಹೊಡೆದಾಟದ ಚಿತ್ರ ಅಂಧರಿಗೆ ಬೇಗ ಸಿಗುತ್ತದೆ, ಮಾತು ಕಡಿಮೆಯಿರುವ, ಮೌನದಲ್ಲೇ ಕಥೆ ಹೇಳುವ ಕನ್ನಡದ ಸಣ್ಣ ಚಿತ್ರ ಕೊನೆಗೆ. ವಿವರಣೆ ಹೆಚ್ಚು ಬೇಕಾದದ್ದು ಎರಡನೆಯದಕ್ಕೆ. ಜೊತೆಗೆ, ಒಳ್ಳೆಯ ವಿವರಣೆ ಬರೆಯುವುದು ತಂತ್ರಜ್ಞರ ಕೆಲಸವಲ್ಲ, ಸಾಹಿತ್ಯದ ಕೆಲಸ. ನಾಲ್ಕು ಸೆಕೆಂಡಿನ ಬಿಡುವಿನಲ್ಲಿ ಒಂದು ಮುಖಭಾವವನ್ನು ಕನ್ನಡದಲ್ಲಿ ಹೇಳಬಲ್ಲವರು ಬೇಕು. ನಮ್ಮ ಕಥೆಗಾರರಿಗೆ, ಬಾನುಲಿ ನಾಟಕ ಬರೆದು ಪಳಗಿದವರಿಗೆ ಇದು ಹೇಳಿ ಮಾಡಿಸಿದ ಉದ್ಯೋಗ. ಯಾವ ಅಕಾಡೆಮಿಯ ಕಮ್ಮಟವಾದರೂ ಇದನ್ನು ಕೈಗೆತ್ತಿಕೊಳ್ಳಬಾರದೆ?

ಆಟದ ಮೈದಾನದಲ್ಲಿ ಅಂಧರು ನಮ್ಮ ಅನುಗ್ರಹಕ್ಕೆ ಕಾಯಲಿಲ್ಲ. ಅಂಧರ ಕ್ರಿಕೆಟ್ ಹುಟ್ಟಿದ್ದು 1922ರಲ್ಲಿ ಮೆಲ್ಬರ್ನ್‌ನಲ್ಲಿ. ಇಬ್ಬರು ಅಂಧ ಕಾರ್ಮಿಕರು ತಗಡಿನ ಡಬ್ಬಿಯೊಳಗೆ ಕಲ್ಲು ತುಂಬಿ ಅದನ್ನೇ ಚೆಂಡಾಗಿಸಿಕೊಂಡರು. ಈಗಿನ ಚೆಂಡು ಪ್ಲಾಸ್ಟಿಕ್ಕಿನದು, ಒಳಗೆ ಬೇರಿಂಗ್ ಗುಂಡುಗಳು ಸದ್ದು ಮಾಡುತ್ತವೆ. ಬೌಲರ್ ಮೊದಲು 'ರೆಡಿ?' ಎಂದು ಕೇಳಿ, ಬ್ಯಾಟುಗಾರ ಒಪ್ಪಿದ ಮೇಲೆ 'ಪ್ಲೇ' ಎಂದು ಕೂಗಿ ಕೈ ಕೆಳಗಿನಿಂದ ಎಸೆಯಬೇಕು. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ತಿ ಅಂಧರಿರಬೇಕು, ಅವರು ಹೊಡೆದ ರನ್ನಿಗೆ ದುಪ್ಪಟ್ಟು ಲೆಕ್ಕ. ಉಳಿದವರು ಮಂದದೃಷ್ಟಿಯವರು. ಅಸಮಾನರನ್ನು ಒಂದೇ ತಂಡದಲ್ಲಿ ಸಮಾನವಾಗಿ ಕೂಡಿಸುವ ಇಷ್ಟು ಜಾಣ ನಿಯಮಾವಳಿ ನಮ್ಮ ಎಷ್ಟು ಸಂಸ್ಥೆಗಳಲ್ಲಿದೆ? 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಟಿ20 ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕರಾಗಿದ್ದವರು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. 2017 ಮತ್ತು 2022ರಲ್ಲೂ ಫೈನಲ್ ನಡೆದದ್ದು ಬೆಂಗಳೂರಿನಲ್ಲೇ, ಗೆದ್ದದ್ದೂ ಭಾರತವೇ.

ಈ ಆಟ ನೋಡುವವರಿಗೂ ಒಂದು ಶಿಸ್ತು ಬೇಕು. ಚೆಂಡು ಉರುಳುತ್ತಿರುವಾಗ ಜನ ಕೂಗಿದರೆ ಬ್ಯಾಟುಗಾರನಿಗೆ ಚೆಂಡೇ 'ಕಾಣುವುದಿಲ್ಲ'. ಚಪ್ಪಾಳೆ ತಡವಾಗಿ ಬರಬೇಕು. ಡೋಲು, ಪೀಪಿ, ಡಿಜೆಗಳಿಲ್ಲದೆ ಕ್ರಿಕೆಟ್ಟೇ ಇಲ್ಲವೆಂದುಕೊಂಡಿರುವ ನಮ್ಮ ಕಾಲಕ್ಕೆ ಇದು ಅಪರೂಪದ ಅನುಭವ.

ಚದುರಂಗ ಇನ್ನೂ ಮುಂದೆ ಹೋಗಿದೆ. ಅಂಧರ ಹಲಗೆಯಲ್ಲಿ ಕಪ್ಪು ಚೌಕಗಳು ತುಸು ಎತ್ತರವಾಗಿರುತ್ತವೆ, ಕಾಯಿಗಳು ರಂಧ್ರಗಳಲ್ಲಿ ಕೂರುತ್ತವೆ, ಕಪ್ಪು ಕಾಯಿಗಳಿಗೆ ಬೆರಳಿಗೆ ತಿಳಿಯುವ ಗುರುತಿರುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅಂಧ ಆಟಗಾರ ಕಣ್ಣಿರುವವರ ಎದುರು ಸಾಮಾನ್ಯ ಪಂದ್ಯದಲ್ಲೇ ಆಡಬಹುದು. ಎರಡು ಹಲಗೆ ಇಟ್ಟುಕೊಂಡು, ನಡೆಯನ್ನು ಗಟ್ಟಿಯಾಗಿ ಹೇಳಿದರಾಯಿತು. ಊರಿನ ಯುವಕ ಸಂಘಗಳು ಕ್ಯಾರಂ, ಚೆಸ್ ಪಂದ್ಯಾಟ ನಡೆಸುವಾಗ ಇಂಥದೊಂದು ಹಲಗೆ ತರಿಸಿಟ್ಟರೆ ಅದಕ್ಕೆ 'ವಿಶೇಷ ಮಕ್ಕಳ ಸ್ಪರ್ಧೆ' ಎಂಬ ಪ್ರತ್ಯೇಕ ಬ್ಯಾನರ್ ಬೇಕಿಲ್ಲ.

ಓದುವ ಸುಖದ ಮಾತಿಗೆ ಬಂದರೆ ದೂರು ನಮ್ಮ ಮುದ್ರಣ ಲೋಕದ ಮೇಲೆಯೇ. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆ, ಅಂಧರ ಬಳಕೆಗಾಗಿ ಪುಸ್ತಕಗಳನ್ನು ಬೇರೆ ರೂಪಕ್ಕೆ ತರಲು ಅನುಮತಿ ನೀಡುತ್ತದೆ. ಈ ಕುರಿತ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಕಂಪ್ಯೂಟರು, ಮೊಬೈಲುಗಳು ಇಂದು ಕನ್ನಡವನ್ನು ಓದಿ ಹೇಳುತ್ತವೆ. ಆದರೆ ಅವು ಓದುವುದು ಯೂನಿಕೋಡ್ ಅಕ್ಷರಗಳನ್ನು. ದಶಕಗಳ ಕಾಲ ನಮ್ಮ ಪ್ರಕಾಶಕರು ಪುಟ ಕಟ್ಟಿದ್ದು ಹಳೆಯ ನುಡಿ, ಬರಹ, ಶ್ರೀಲಿಪಿ ಅಕ್ಷರಗಳಲ್ಲಿ. ಆ ಕಡತಗಳನ್ನು ಹಾಗೆಯೇ ತೆರೆದರೆ ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕೊರತೆ ಇರುವುದು ಮನಸ್ಸಿನದು.

ಮಂದದೃಷ್ಟಿಯವರ ಪಾಡು ಯಾರ ಲೆಕ್ಕದಲ್ಲೂ ಇಲ್ಲ. ಕೋಲಿಲ್ಲದೆ ನಡೆಯುತ್ತಾರಾದ್ದರಿಂದ ಅವರು ಕುರುಡರಲ್ಲ, ಪರದೆಗೆ ಮುಖ ಆನಿಸಿ ನೋಡುತ್ತಾರಾದ್ದರಿಂದ ಕಣ್ಣುಳ್ಳವರೂ ಅಲ್ಲ. ಮುಂದಿನ ಸಾಲಿನಲ್ಲಿ ಕುಳಿತರೆ ನಾಟಕ ಅರ್ಧದಷ್ಟಾದರೂ ಕಂಡೀತು. ಆದರೆ ಮುಂದಿನ ಸಾಲು ಗಣ್ಯರಿಗೆ ಮೀಸಲು, ಗಣ್ಯರು ಉದ್ಘಾಟನೆ ಮುಗಿಸಿ ಎದ್ದುಹೋದ ಮೇಲೂ ಆ ಸೋಫಾಗಳು ಖಾಲಿಯಾಗಿಯೇ ಇರುತ್ತವೆ. ಮೆಟ್ಟಿಲಿನ ಅಂಚಿಗೆ ಒಂದು ಹಳದಿ ಪಟ್ಟಿ ಬಳಿದರೆ ಕತ್ತಲೆಯ ಸಭಾಂಗಣದಲ್ಲಿ ಅವರು ಮುಗ್ಗರಿಸುವುದಿಲ್ಲ. ಒಂದು ಡಬ್ಬಿ ಬಣ್ಣದ ಖರ್ಚು.

ಹೆಣ್ಣುಮಕ್ಕಳ ವಿಷಯದಲ್ಲಿ ಇವೆಲ್ಲವೂ ಇಮ್ಮಡಿ ಕಷ್ಟ. ಅಂಧ ಪುರುಷರ ಕ್ರಿಕೆಟ್ ವಿಶ್ವಕಪ್ 1998ರಲ್ಲೇ ಆರಂಭವಾಯಿತು. ಅಂಧ ಮಹಿಳೆಯರಿಗೆ ಮೊದಲ ವಿಶ್ವಕಪ್ ದೊರೆತದ್ದು 2025ರ ನವೆಂಬರಿನಲ್ಲಿ. ಕೊಲಂಬೊದ ಫೈನಲ್‌ನಲ್ಲಿ ನೇಪಾಳವನ್ನು 7 ವಿಕೆಟ್‌ಗಳಿಂದ ಸೋಲಿಸಿದ ಭಾರತ ತಂಡದ ನಾಯಕಿ ಕರ್ನಾಟಕದ ದೀಪಿಕಾ ಟಿ.ಸಿ. ಇಪ್ಪತ್ತೇಳು ವರ್ಷಗಳ ಈ ಅಂತರಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಅಂಧ ಮಗಳನ್ನು ಮನೆಯ ಹೊರಗೆ ಬಿಡಲು ನಾವು ಹೆದರುತ್ತೇವೆ, ಮುಸ್ಲಿಮ್ ಮನೆಗಳಲ್ಲಿ ಈ ಹೆದರಿಕೆ ಕಡಿಮೆಯೇನಲ್ಲ. ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. 2023ರಿಂದ ಸರಕಾರಿ ಬಸ್ಸಿನಲ್ಲಿ ಆಕೆಗೆ ಟಿಕೆಟು ಬೇಡ. ಆದರೆ ಬಸ್ಸಿಳಿದ ಜಾಗದಿಂದ ಸಭಾಂಗಣದ ಬಾಗಿಲಿನವರೆಗೆ ತೆರೆದ ಚರಂಡಿ, ಅಡ್ಡ ನಿಲ್ಲಿಸಿದ ಬೈಕುಗಳು, ಅಪರಿಚಿತ ಕೈಗಳು. ಕಾರ್ಯಕ್ರಮ ರಾತ್ರಿ ಒಂಬತ್ತೂವರೆಗೆ ಮುಗಿದರೆ ಮರಳಿ ಕರೆದೊಯ್ಯುವವರು ಯಾರು? ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ 'ಮಹಿಳೆಯರಿಗೆ ಪ್ರತ್ಯೇಕ ಸ್ಥಳಾವಕಾಶವಿದೆ', 'ಊಟದ ವ್ಯವಸ್ಥೆ ಇದೆ' ಎಂಬ ಸಾಲುಗಳು ತಪ್ಪದೆ ಇರುತ್ತವೆ. ಅವುಗಳ ಕೆಳಗೆ, ಜೊತೆಗಾರರು ಬೇಕಾದವರು ಈ ಸಂಖ್ಯೆಗೆ ಕರೆ ಮಾಡಿ ಎಂಬ ಇನ್ನೊಂದು ಸಾಲು ಅಚ್ಚಾದದ್ದನ್ನು ನಾವು ಇದುವರೆಗೆ ಕಂಡಿಲ್ಲ.