ಕಿವಿ ಕೇಳದ ಹೆಂಗಸಿನ ಪರವಾಗಿ

ಜಾರ್ಜ್ ಆರ್ವೆಲ್‌ನ 'ದಿ ರೋಡ್ ಟು ವಿಗನ್ ಪಿಯರ್' ಪುಸ್ತಕದಲ್ಲಿ ಒಬ್ಬಳು ಹೆಂಗಸು ಬರುತ್ತಾಳೆ. ಬಂದಷ್ಟೇ ಬೇಗ ಹೋಗಿಬಿಡುತ್ತಾಳೆ. ಅವಳಿಗೆ ಹೆಸರಿಲ್ಲ, ಮುಖವಿಲ್ಲ. ಅವಳ ಪಾಲಿಗೆ ಸಿಕ್ಕಿರುವುದು ಒಂದೇ ಒಂದು ವಾಕ್ಯ. ಆದರೆ ಪುಸ್ತಕ ಮುಚ್ಚಿದ ಮೇಲೂ ನಮ್ಮ ಮನಸ್ಸಿನಲ್ಲಿ ನಿಂತವಳು ಅವಳೇ.

ಪುಸ್ತಕ ಬಂದದ್ದು 1937ರಲ್ಲಿ. ಅದರ ಹಿಂದಿನ ವರ್ಷ ಆರ್ವೆಲ್ ಉತ್ತರ ಇಂಗ್ಲೆಂಡಿನ ವಿಗನ್, ಬಾರ್ನ್ಸ್‌ಲಿ, ಶೆಫೀಲ್ಡ್ ಊರುಗಳಲ್ಲಿ ಕಲ್ಲಿದ್ದಲು ಗಣಿಯವರ, ಕೆಲಸವಿಲ್ಲದವರ ಮನೆಗಳನ್ನು ಹೊಕ್ಕು ನೋಡಿದ. ಕೈಯಲ್ಲಿ ನೋಟ್‌ಬುಕ್ಕು. ಎಷ್ಟು ಕೋಣೆ, ಎಷ್ಟು ಮಂದಿ, ಬಾಡಿಗೆ ಎಷ್ಟು, ಸೂರು ಸೋರುತ್ತದೆಯೆ ಎಂದು ಕೇಳಿ ಬರೆದುಕೊಂಡ. ಎಲ್ಲರೂ ಬಾಗಿಲು ತೆಗೆದರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಇವಳೊಬ್ಬಳು ಮಾತ್ರ ಸಿಟ್ಟಾದಳು. ಅವಳಿಗೆ ಕಿವಿ ಸ್ವಲ್ಪ ಮಂದ. ಬಂದವನು 'ಮೀನ್ಸ್ ಟೆಸ್ಟ್' ಇಲಾಖೆಯ ಬೇಹುಗಾರ ಅಂದುಕೊಂಡಳು. ಆಮೇಲೆ ಅವಳೂ ಮೆತ್ತಗಾಗಿ ಹೇಳಿದಳಂತೆ.

ಏನಿದು ಮೀನ್ಸ್ ಟೆಸ್ಟು? 1931ರಲ್ಲಿ ಬ್ರಿಟಿಷ್ ಸರ್ಕಾರ ತಂದ ಪದ್ಧತಿ. ಕೆಲಸ ಕಳಕೊಂಡವನಿಗೆ ವಿಮೆಯ ಹಣ ಮುಗಿದ ಮೇಲೆ ಸಿಗುವ ನೆರವಿಗೆ ಮನೆಮಂದಿಯ ಆದಾಯವನ್ನೆಲ್ಲ ಲೆಕ್ಕ ಹಾಕುವುದು. ಮಗಳು ಗಿರಣಿಗೆ ಹೋಗಿ ನಾಲ್ಕು ಕಾಸು ತಂದರೆ ಅಪ್ಪನ ನೆರವಿನಲ್ಲಿ ಅಷ್ಟು ಕಡಿತ. ಮನೆಯಲ್ಲಿ ಮುದುಕನಿಗೆ ಪಿಂಚಣಿ ಬಂದರೆ ಅದೂ ಲೆಕ್ಕಕ್ಕೆ. ಹೀಗಾಗಿ ಮುದುಕರು ಮಕ್ಕಳ ಮನೆ ಬಿಟ್ಟು ಬೇರೆ ಕಡೆ ಬಾಡಿಗೆಗೆ ಹೋಗಬೇಕಾಯಿತು. ಒಂದು ಪ್ರಶ್ನೆ ಒಂದು ಮನೆಯನ್ನು ಹೀಗೆ ಒಡೆಯಿತು. ನೆರೆಯವನು ನೆರೆಯವನ ಮೇಲೆ ಚಾಡಿ ಹೇಳುವುದೂ ಶುರುವಾಯಿತು. ಊರಿಗೆ ಹೋದ ಪಕ್ಕದ ಮನೆಯವನ ಕೋಳಿಗಳಿಗೆ ಕಾಳು ಹಾಕುತ್ತಿದ್ದ ಒಬ್ಬನನ್ನು ಕಂಡು, ಅವನಿಗೆ ಕೋಳಿ ಸಾಕುವ ಕೆಲಸ ಸಿಕ್ಕಿದೆಯೆಂದು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ್ದನ್ನು ಆರ್ವೆಲ್ ಬರೆಯುತ್ತಾನೆ. ಇದನ್ನು ಓದಿ ನಗಬಹುದು. ಆದರೆ ಆ ಸುದ್ದಿ ಸುಳ್ಳೆಂದು ತೋರಿಸಲು ಅವನು ಬಹಳ ಪಾಡು ಪಡಬೇಕಾಯಿತು.

ಬಾಡಿಗೆ ಮನೆಗಳ ಕಥೆಯೂ ಇದೆ. ಕೊಳೆಗೇರಿ ಕೆಡವಿ ಪುರಸಭೆಗಳು ಕಟ್ಟಿದ ಮನೆಗಳು ಹಳೆಯವಕ್ಕಿಂತ ಎಷ್ಟೋ ವಾಸಿ ಎಂದು ಆರ್ವೆಲ್ ಒಪ್ಪುತ್ತಾನೆ. ಸ್ನಾನದ ಮನೆ ಇದೆ, ಅಂಗೈಯಗಲ ಕೈತೋಟ ಇದೆ. ಆದರೆ ಒಡೆಯನಾದ ಪುರಸಭೆ ಬಾಡಿಗೆಯ ಜೊತೆಗೆ ಕಟ್ಟಳೆಗಳನ್ನೂ ತಂದಿತು. ಕೆಲವು ಕಡೆ ಕೋಳಿ ಪಾರಿವಾಳ ಸಾಕಕೂಡದು. ಕೆಲವು ಕಡೆ ಒಳಗೆ ಬರುವ ಮುಂಚೆ ಒಕ್ಕಲಿನವರ ಸಾಮಾನು ಸರಂಜಾಮಿಗೆಲ್ಲ ಹೊಗೆ ಹಾಕಿ ಹೇನು ತಿಗಣೆ ತೆಗೆಯುತ್ತಿದ್ದರು. ಇದರಿಂದ ಆಗುವ ಅವಮಾನವನ್ನು ಆರ್ವೆಲ್ ಕಂಡಿದ್ದಾನೆ. ತಿಗಣೆ ಹೋಗಬೇಕಾದ್ದೇ ಎಂದೂ ಹೇಳುತ್ತಾನೆ. ಎರಡೂ ನಿಜ. ಇಂಥ ಕಡೆ ಅವನು ಪ್ರಾಮಾಣಿಕ ಲೇಖಕ.

ಆದರೆ ನಮ್ಮ ತಕರಾರು ಬೇರೆ. ಹೀಗೆ ಯಾರೋ ತನ್ನ ಮನೆಗೆ ನುಗ್ಗಿ ಸೂರಿನ ವಿಚಾರ, ಮನೆ ಒಡೆಯನ ವಿಚಾರ ಕೇಳಿದ್ದರೆ ತಾನು ಅವನನ್ನು ಬೈದು ಅಟ್ಟುತ್ತಿದ್ದೆ ಅಂತ ಆರ್ವೆಲ್ಲೇ ಬರೆಯುತ್ತಾನೆ. ಹಾಗಾದರೆ ಗಣಿಯವರು ಯಾಕೆ ಅಟ್ಟಲಿಲ್ಲ? ಅದು ಅವರ ಸೌಜನ್ಯ, ಒಳ್ಳೆಯತನ ಎನ್ನುತ್ತಾನೆ. ಇಲ್ಲೇ ಅವನು ಎಡವಿದ್ದು. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಅಫೀಮು ಇಲಾಖೆಯ ಅಧಿಕಾರಿಯ ಮಗನಾಗಿ ಹುಟ್ಟಿದವನು, ಬರ್ಮಾದಲ್ಲಿ ಐದು ವರ್ಷ ಪೊಲೀಸ್ ಅಧಿಕಾರಿಯಾಗಿದ್ದವನು. ದುಡಿಯುವವರು ನಾರುತ್ತಾರೆಂದು ತನ್ನ ವರ್ಗ ತನಗೆ ಚಿಕ್ಕಂದಿನಲ್ಲೇ ಕಲಿಸಿತ್ತೆಂದು ಇದೇ ಪುಸ್ತಕದಲ್ಲಿ ಒಪ್ಪಿಕೊಂಡವನು. ಅಷ್ಟೆಲ್ಲ ತನ್ನನ್ನು ತಾನು ಬಗೆದು ನೋಡಿಕೊಂಡವನಿಗೂ ಬಡವನ ಸೌಜನ್ಯದ ಒಳಗೆ ಏನಿದೆ ಎಂದು ಕಾಣಲಿಲ್ಲ. ಅದು ಬರೀ ಒಳ್ಳೆಯತನ ಅಲ್ಲ ಮಾರಾಯರೆ, ಅದು ಅಭ್ಯಾಸ. ಕೇಳುವವನು ಬಂದಾಗ ಹೇಳಲೇಬೇಕು ಎಂದು ಹೊಟ್ಟೆ ಕಲಿಸಿದ ಅಭ್ಯಾಸ.

ಇದನ್ನು ನಮಗೆ ಯಾರೂ ಪುಸ್ತಕದಿಂದ ಹೇಳಿಕೊಡಬೇಕಿಲ್ಲ. ಹಾಸ್ಟೆಲ್ಲು ಸೇರಲು ಆದಾಯ ಪ್ರಮಾಣಪತ್ರ ಬೇಕೆಂದು ನಾವು ಅವ್ವನ ಜೊತೆ ಕಚೇರಿಯ ಸಾಲಿನಲ್ಲಿ ನಿಂತಿದ್ದೆವು. ಮೇಜಿನ ಆಚೆ ಕೂತಾತ ತಲೆ ಎತ್ತದೆ ಕೇಳಿದ, "ದಿನಕ್ಕೆಷ್ಟು ದುಡೀತೀಯಮ್ಮ?" ಅವ್ವ ಹೇಳಿದಳು. "ವರ್ಷದಲ್ಲಿ ಎಷ್ಟು ದಿನ?" ಅದನ್ನೂ ಹೇಳಿದಳು. "ಗಂಡ ಕುಡೀತಾನಾ?" ಅರ್ಜಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ಸಾಲಿನಲ್ಲಿ ನಮ್ಮೂರಿನವರೇ ಇದ್ದರು. ಅವ್ವ ಸೆರಗು ಎಳೆದುಕೊಂಡು, "ಊಂ ಬುದ್ದಿ" ಅಂದಳು. ದಾರಿಯುದ್ದಕ್ಕೂ ನಾವು ಮಾತಾಡಲಿಲ್ಲ. ಊರ ಹತ್ತಿರ ಬಂದಾಗ ಅವಳೇ, "ಇಲ್ಲ ಅಂದಿದ್ರೆ ಕಾಗದ ಕೊಡ್ತಿದ್ನಾ ಮಗ?" ಅಂದಳು. ಆರ್ವೆಲ್ ಕಂಡ ಸೌಜನ್ಯ ಇದೇ.

ಹಾಗಾದರೆ ಆದಾಯ ಕೇಳಲೇಬಾರದೆ ಎಂದು ಗೆಳೆಯರು ಕೇಳುತ್ತಾರೆ. ಕೇಳದಿದ್ದರೆ ಟ್ರ್ಯಾಕ್ಟರ್ ಇರುವ ಗೌಡನ ಹೆಸರಿಗೇ ಬಡವರ ಮನೆ ಬರೆದು ಹೋಗುವುದಿಲ್ಲವೆ? ಹೋಗುತ್ತದೆ, ಕಣ್ಣಾರೆ ಕಂಡಿದ್ದೇವೆ. ಈ ಪ್ರಶ್ನೆಯನ್ನು ತಳ್ಳಿಹಾಕಿ ನಾವು ಮುಂದೆ ಹೋಗಲಾರೆವು. ಆದರೆ ಮನೆ ಕೊಡುವಾಗ ಒಂದು ಸಲ ಕೇಳುವುದು ಬೇರೆ, ಕೊಟ್ಟ ಮೇಲೆ ವರ್ಷಾ ವರ್ಷ ಬಾಗಿಲು ತಟ್ಟುವುದು ಬೇರೆ. ಅರ್ಹತೆ ತೀರ್ಮಾನಿಸುವವನು ತಿಳಿದುಕೊಳ್ಳುವುದು ಬೇರೆ, ಬಾಡಿಗೆ ವಸೂಲಿ ಮಾಡುವ ಒಡೆಯನೇ ನಮ್ಮ ಮಡಕೆಯೊಳಗೆ ಕೈ ಹಾಕಿ ನೋಡುವುದು ಬೇರೆ. ಕೇಳುವವನು ಯಾರು? ಕೇಳಿದ್ದನ್ನು ಎಲ್ಲಿ ಇಡುತ್ತಾನೆ? ಹೇಳದಿದ್ದರೆ ಏನು ಮಾಡುತ್ತಾನೆ? ಈ ಮೂರಕ್ಕೆ ಉತ್ತರ ಸಿಗುವ ತನಕ ಆದಾಯದ ಪ್ರಶ್ನೆ ಬರೀ ಲೆಕ್ಕದ ಪ್ರಶ್ನೆ ಅಲ್ಲ, ಅದು ಅಧಿಕಾರದ ಪ್ರಶ್ನೆ.

ಆ ಹೆಂಗಸಿನ ದೇಶದಲ್ಲೇ ನೋಡಿ. ಮನೆಮಂದಿಯ ಆದಾಯವನ್ನೆಲ್ಲ ಕೂಡಿಸುವ ಮೀನ್ಸ್ ಟೆಸ್ಟನ್ನು 1941ರಲ್ಲಿ ಕೈಬಿಟ್ಟರು. ಎಪ್ಪತ್ತೈದು ವರ್ಷದ ಮೇಲೆ, 2016ರಲ್ಲಿ, ವಸತಿ ಮತ್ತು ಯೋಜನಾ ಕಾಯ್ದೆ ಬಂತು. ಇಂಗ್ಲೆಂಡಿನ ಪುರಸಭೆ ಮನೆಗಳ ಒಕ್ಕಲುಗಳ ಆದಾಯ ವರ್ಷಕ್ಕೆ 31,000 ಪೌಂಡು, ಲಂಡನ್ನಿನಲ್ಲಾದರೆ 40,000 ಪೌಂಡು ದಾಟಿದರೆ ಬಾಡಿಗೆ ಏರಿಸುವುದೆಂದು ಯೋಜನೆ. 'ಪೇ ಟು ಸ್ಟೇ' ಎಂದು ಜನ ಕರೆದರು, ಅಂದರೆ ಇರಬೇಕಾದರೆ ತೆರು. ಆದಾಯದ ವಿವರ ಕೊಡದವರ ಮೇಲೆ ಅತಿ ಹೆಚ್ಚಿನ ಬಾಡಿಗೆ ಹಾಕಿಸಲು, ತೆರಿಗೆ ಇಲಾಖೆಯಿಂದ ಮನೆ ಒಡೆಯನಿಗೆ ಮಾಹಿತಿ ಕೊಡಿಸಲು ಆ ಕಾಯ್ದೆಯಲ್ಲಿ ದಾರಿ ಇತ್ತು. ಸುಮ್ಮನಿದ್ದರೂ ಶಿಕ್ಷೆ! ಅದೇ ಪುರಸಭೆ ಮನೆಯನ್ನು ರಿಯಾಯಿತಿ ದರದಲ್ಲಿ ಕೊಂಡುಕೊಳ್ಳಲು 1980ರ ಕಾಯ್ದೆ ಕೊಟ್ಟ ಹಕ್ಕಿಗೆ ಮಾತ್ರ ಆದಾಯದ ಮಿತಿ ಇರಲಿಲ್ಲ. ಕೊಳ್ಳುವವನ ಗಂಟು ಎಷ್ಟು ದೊಡ್ಡದಿದ್ದರೂ ಸರಿ, ಬಾಡಿಗೆಯವನ ಗಂಟನ್ನು ಮಾತ್ರ ಬಿಚ್ಚಿಸಿ ನೋಡಬೇಕು. ವಿರೋಧ ಬಂತು. ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರ ಕಡ್ಡಾಯವನ್ನು ಕೈಬಿಟ್ಟಿತು.

ನೆದರ್ಲೆಂಡ್ಸ್‌ನಲ್ಲಿ 2013ರಿಂದ ಆದಾಯ ನೋಡಿ ಬಾಡಿಗೆ ಏರಿಸುವ ಪದ್ಧತಿ ಬಂತು. ತೆರಿಗೆ ಇಲಾಖೆಯೇ ಮನೆಮನೆಯ ಆದಾಯ ಯಾವ ಮಟ್ಟದ್ದೆಂದು ಒಡೆಯರಿಗೆ ತಿಳಿಸುತ್ತಿತ್ತು. ಹಾಗೆ ತಿಳಿಸಲು ಕಾನೂನಿನ ಆಧಾರವೇ ಇರಲಿಲ್ಲವೆಂದು 2016ರ ಫೆಬ್ರವರಿಯಲ್ಲಿ ಅಲ್ಲಿನ ರಾಜ್ಯ ಪರಿಷತ್ತಿನ ನ್ಯಾಯಪೀಠ ತೀರ್ಪು ಕೊಟ್ಟಿತು. ಸರ್ಕಾರ ಏನು ಮಾಡಿತು? ಅದೇ ವರ್ಷ ಕಾನೂನನ್ನೇ ತಿದ್ದಿ ದಾರಿ ಮಾಡಿಕೊಂಡಿತು. ಗುಟ್ಟು ಕಾಯುವ ಕಾನೂನು ಬಡವನ ಬಾಗಿಲ ಹತ್ತಿರ ಬರುವಾಗ ಹೀಗೆ ಬಾಗಿಬಿಡುತ್ತದೆ.

ನಮ್ಮ ದೇಶಕ್ಕೆ ಬರೋಣ. 2017ರ ಜೂನ್ ತಿಂಗಳಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯ ಸುದ್ದಿ ಬಂತು. ಅಗ್ಗದ ರೇಷನ್ ಪಡೆಯುವವರ ಮನೆಗೋಡೆಯ ಮೇಲೆ, ತಾವು ಬಡವರು, ಸರ್ಕಾರದ ರೇಷನ್ ತಿನ್ನುವವರು ಎಂದು ಬಣ್ಣದಲ್ಲಿ ಬರೆಸಿದ್ದರು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪಿಗೆ ನಾವು ಕೈಮುಗಿಯುತ್ತೇವೆ. ಆದರೆ ಎರಡು ತಿಂಗಳ ಅಂತರದಲ್ಲಿ ಒಂದೇ ದೇಶ ಒಂದು ಗೋಡೆಯ ಮೇಲೂ ಒಂದು ಕಾಗದದ ಮೇಲೂ ಬರೆದ ಈ ಎರಡು ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಗೋಡೆಯ ಬಣ್ಣವನ್ನು ಅಳಿಸುವ ತನಕ ಕಾಗದದ ಹಕ್ಕು ನಮ್ಮ ಕೇರಿಗೆ ಬಂದಿಲ್ಲ.

ಒಂದೇ ಕೋಣೆಯ ಮನೆಯವರಿಗೆ ಎಂಥ ಖಾಸಗಿತನ ಎಂದು ಓದಿದವರೂ ನಗುತ್ತಾರೆ. ಕೋಣೆ ಒಂದೇ ಇರಬಹುದು. ಮಾನ ಕೋಣೆಯ ಲೆಕ್ಕದಲ್ಲಿ ಇರುವುದಿಲ್ಲ. ರಾತ್ರಿ ಒಲೆ ಹಚ್ಚಿದೆವೋ ಇಲ್ಲವೋ ಎಂಬುದು ಊರಿಗೆ ಗೊತ್ತಾಗದಿರಲಿ ಎಂದು ಬರೀ ನೀರಿಟ್ಟು ಹೊಗೆ ಎಬ್ಬಿಸಿದ ಅವ್ವಂದಿರು ನಮ್ಮಲ್ಲಿದ್ದಾರೆ. ಅದಕ್ಕಿಂತ ದೊಡ್ಡ ಗುಟ್ಟು ಯಾವ ಬಂಗಲೆಯಲ್ಲಿದೆ?

ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೇಳಿಕೆ. ಸ್ಕಾಲರ್‌ಶಿಪ್ಪಿನ ಪಟ್ಟಿ ಬಂದಾಗ ತರಗತಿಯಲ್ಲಿ ಹೆಸರು ಕೂಗಿ ಮಕ್ಕಳನ್ನು ಎದ್ದು ನಿಲ್ಲಿಸಬೇಡಿ. ಅಪ್ಪನ ಆದಾಯವನ್ನು ಮೂವತ್ತು ಮಕ್ಕಳ ಮುಂದೆ ಕೇಳಬೇಡಿ. ಒಬ್ಬೊಬ್ಬರನ್ನೇ ಕರೆದು ಕೂರಿಸಿ ಕೇಳಿ. ಕಾಲು ಗಂಟೆ ಹೆಚ್ಚಾಗಬಹುದು, ಅಷ್ಟೇ. ಸಂಘಟನೆಯ ಗೆಳೆಯರು ಕಚೇರಿಗೆ ಹೋದಾಗ ಅರ್ಜಿಯಲ್ಲಿಲ್ಲದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲವೆಂದು ಸಾಲಿನಲ್ಲಿ ನಿಂತವರಿಗೆ ಹೇಳಿ. ಒಬ್ಬರೇ ಹೇಳಿದರೆ ಕಾಗದ ಸಿಗಲಿಕ್ಕಿಲ್ಲ. ಸಾಲಿಗೆ ಸಾಲೇ ಹೇಳಿದರೆ ಮೇಜಿನ ಆಚೆ ಕೂತವನು ತಲೆ ಎತ್ತಿ ನೋಡಲೇಬೇಕು.

ಆರ್ವೆಲ್‌ನ ಪುಸ್ತಕವನ್ನು ಓದಿ, ಓದಲೇಬೇಕಾದ ಪುಸ್ತಕ. ಆ ಹೆಂಗಸು ಬರುವ ಕಡೆ ಸ್ವಲ್ಪ ನಿಲ್ಲಿ. ಕಿವಿ ಕೇಳದೆ ಅವಳು ತಪ್ಪು ತಿಳಿದಳು ಎಂದು ಅವನು ಬರೆದ. ನಮ್ಮ ಓದಿನಲ್ಲಿ ಅವಳು ಸರಿಯಾಗಿಯೇ ತಿಳಿದಿದ್ದಳು. ಅವಳು 'ಇಲ್ಲ' ಎಂದು ನಿಂತ ಆ ಗಳಿಗೆಯನ್ನು ಅವನು ನೋಟ್‌ಬುಕ್ಕಿನಲ್ಲಿ ಪೂರ್ತಿ ಬರೆದುಕೊಳ್ಳಲಿಲ್ಲ. ನಾವು ಬರೆದುಕೊಳ್ಳೋಣ.